ಕೊಸರು

ಲ್ಯಾವೆಲ್ಲೆ ರೋಡಿನ ಗಾಜಿನಂಗಡಿ. ಒಳಗೆ ಮಾಗಿಯ ಚಳಿ,
ಹೊರಗೆ ಏಪ್ರಿಲ್ಲು.
"ಸಾರ್ ಪಾರ್ಕ್ ಮಾಡ್ತಿದ್ದಾರಾ ಮೇಡಂ?" ಅಂದ ಹುಡುಗ.
ಸಾರ್ ಯಾರೂ ಇಲ್ಲಪ್ಪ, ನಾನೇ.
ಸ್ಕೂಟರು ಹಿಂದುಗಡೆ ಜನರೇಟರ್ ಪಕ್ಕ ನಿಲ್ಲಿಸಿ ಬಂದಿದ್ದೀನಿ,
ನಿಮ್ಮ ಗಾರ್ಡು ಅಲ್ಲೇ ಜಾಗ ತೋರಿಸಿದ.

ಹುಡುಗನ ಹೆಸರು ಡೆರಿಕ್. ಒಳ್ಳೆಯವನು.
ಬಣ್ಣದ ತಗಡುಗಳನ್ನು ಇಸ್ಪೀಟಿನ ಹಾಗೆ ಹರಡಿದ.
ನಾನು ಬೆರಳಿಟ್ಟದ್ದು
ಹಾಗಲ ಹಣ್ಣಾಗಿ ಬಾಯಿಬಿಡುವ ಮುನ್ನಾದಿನದ ಹಳದಿಗೆ.
"ಅದು ಸ್ಪೆಷಲ್ ಆರ್ಡರ್ ಮೇಡಂ, ಆರು ಲಕ್ಷ ಎಕ್ಸ್‌ಟ್ರಾ."
ಸೀಟಿನ ಹೊಲಿಗೆಗೆ ಕೆಂಪು ದಾರ: ಒಂದು ಎಂಬತ್ತು.
(ಅವೆನ್ಯೂ ರಸ್ತೆಯಲ್ಲಿ ಉಂಡೆಗೆ ಹನ್ನೆರಡು ರೂಪಾಯಿ.)
ಓಡಲಾಗದ ರಸ್ತೆಗೆ ಟ್ಯಾಕ್ಸು ಬೇರೆ.
ಹಂಪು ಬಂದಾಗ ಗಾಡಿಯ ಮೂತಿ ಎತ್ತುವ ಯಂತ್ರ: ನಾಲ್ಕು.
ಹಂಪನ್ನು ಕಾರ್ಪೊರೇಷನ್ನಿನವರು ಪುಕ್ಕಟೆ ಹಾಕಿಕೊಟ್ಟಿದ್ದಾರೆ,
ಎತ್ತೋದಕ್ಕೆ ನಾಲ್ಕಾ? ಅಂದೆ.
ನಕ್ಕ. ನಕ್ಕವನು ಇಳಿಸುತ್ತಾನೆ ಅಂತ ನಮ್ಮ ಕಸುಬಿನ ಲೆಕ್ಕ.
ಇಳಿಸಲಿಲ್ಲ.

"ರೇಟು ಜರ್ಮನಿಯಲ್ಲಿ ಕೂತಿರುತ್ತೆ ಮೇಡಂ. ನಮ್ಮ ಕೈಯಲ್ಲೇನಿಲ್ಲ."
ಅಂಗಡಿಯವರ ಕೈಯಲ್ಲಿ ಯಾವತ್ತು ಏನಿತ್ತು?
ಮೂವತ್ತೊಂದು ವರ್ಷ ಜಾಲಿ ಮೊಹಲ್ಲಾದ ಗುಜರಿಯಲ್ಲಿ
ತಕ್ಕಡಿ ಹಿಂದೆ ಕೂತು ನಾನೂ ಹೇಳಿದ್ದು ಇದನ್ನೇ:
ರೇಟು ಬೊಂಬಾಯಿಯದು, ನಾನೇನು ಮಾಡಲಿ.

ಸುಮ್ಮನಾದೆ. ಸುಮ್ಮನಿರುವುದೂ ಬೆಲೆ ಕೇಳುವ ಒಂದು ರೀತಿ.
ಅವನೂ ಸುಮ್ಮನಾದ. ಯಾರೋ ಕಲಿಸಿದ್ದಾರೆ.
ಕಾಫಿ ಬಂತು, ಹೆಬ್ಬೆಟ್ಟಿನಷ್ಟು ಕಪ್ಪಿನಲ್ಲಿ, ಹಾಲಿಲ್ಲದ್ದು.
ಎದ್ದೆ. ಸೆರಗು ಸರಿಮಾಡಿ ಬಾಗಿಲವರೆಗೆ ನಡೆದೆ
ಬೆನ್ನನ್ನೇ ಕಿವಿ ಮಾಡಿಕೊಂಡು.
ಚಿಕ್ಕಪೇಟೆಯಾಗಿದ್ದರೆ ಎರಡನೇ ಮೆಟ್ಟಿಲಿಗೆ
"ಬನ್ನಿ ಅಕ್ಕ, ನಿಮ್ಮದೇ ಮಾತು ನಡೀಲಿ" ಅನ್ನಬೇಕು.
ಇಲ್ಲಿ ಬಾಗಿಲು ತಾನಾಗೇ ತೆರೆಯಿತು.
ಬಿಸಿಗಾಳಿ ಮುಖಕ್ಕೆ ಬಡಿದು
ನಾನೇ ವಾಪಸು ಬಂದು ಕೂತೆ.

"ತೂಕ ಎಷ್ಟಪ್ಪ?"
"ಮೇಡಂ?"
"ಗಾಡಿ ತೂಕ."
ಹುಡುಕಿ ಹೇಳಿದ: ಸಾವಿರದ ನಾನೂರ ಎಂಬತ್ತು ಕೇಜಿ.
ಬ್ರೋಷರಿನ ಬೆನ್ನ ಮೇಲೆ ಬರೆದೆ
ಅಲ್ಯೂಮಿನಿಯಂ ಇಷ್ಟು, ಕಬ್ಬಿಣ ಇಷ್ಟು, ತಾಮ್ರದ ತಂತಿ,
ರಬ್ಬರು. ಗಾಜು, ಎಸೆಯುವುದಕ್ಕೆ.
ಒಂದೂವರೆ ಲಕ್ಷ. ಬೇಕಾದರೆ ಎರಡು ಹಾಕು.
ನೀನು ಕೇಳ್ತಿರೋದು ಎರಡು ಕೋಟಿ ಹದಿನೆಂಟು.
"ಮಿಕ್ಕಿದ್ದು ಏನು, ಡೆರಿಕ್?"

ಟ್ಯಾಬ್ಲೆಟ್ಟನ್ನು ಬೋರಲು ಹಾಕಿದ. ಟೈ ಸಡಿಲಿಸಿದ.
"ಮಿಕ್ಕಿದ್ದು ಸದ್ದು, ಮೇಡಂ."

ನನ್ನ ಹತ್ತಿರ ಬಂದ ಇಂಜಿನ್ನುಗಳೆಲ್ಲ ಸದ್ದು ಮುಗಿಸಿಕೊಂಡೇ ಬಂದವು.
ಅವುಗಳ ಎದೆ ಬಿಚ್ಚಿದ್ದೇನೆ, ಎಣ್ಣೆ ಬಸಿದಿದ್ದೇನೆ,
ಪಿಸ್ಟನ್ನು ಬೇರೆ, ಬೇರಿಂಗು ಬೇರೆ ಗುಡ್ಡೆ ಹಾಕಿದ್ದೇನೆ.
ಬದುಕಿದ್ದಾಗ ಹೇಗೆ ಮಾತಾಡುತ್ತಿತ್ತು ಅಂತ
ಒಂದನ್ನೂ ವಿಚಾರಿಸಲಿಲ್ಲ.

ಸಹಿ ಹಾಕಿದೆ, ಮುನಿತಾಯಮ್ಮ, ಕನ್ನಡದಲ್ಲಿ, ಏಳು ಕಡೆ.
ಹನ್ನೊಂದು ತಿಂಗಳು ಕಾಯಬೇಕಂತೆ.
ಆದರೂ ಏಳಲಿಲ್ಲ. ಸೊಪ್ಪಿನವಳ ಮುಂದೆ ನಮ್ಮವ್ವ
ಕೊಸರಿಲ್ಲದೆ ಚೀಲದ ಬಾಯಿ ಕಟ್ಟಿದ್ದೇ ಇಲ್ಲ:
ನಾಲ್ಕು ಎಸಳು ಕರಿಬೇವು, ಎರಡು ಹಸಿಮೆಣಸು.
"ಕೊಸರು ಏನು ಕೊಡ್ತೀಯ?"
ಡೆರಿಕ್‌ಗೆ ಆ ಪದ ಗೊತ್ತಿರಲಿಲ್ಲ. ಹೇಳಿಕೊಟ್ಟೆ.
ಛತ್ರಿ ತಂದ, ಕಂಪನಿ ಹೆಸರಿನದು. ಬೇಡ,
ಆ ಹಳದಿ ತಗಡು ಕೊಡು.
"ಅದು ಶೋರೂಮಿನದು ಮೇಡಂ, ಲೆಕ್ಕದಲ್ಲಿದೆ."
ಆ ಕಡೆ ಈ ಕಡೆ ನೋಡಿ
ರಸೀದಿಯ ಅಡಿಗೆ ಜಾರಿಸಿ ಕೊಟ್ಟ.

ಸ್ಕೂಟರಿನ ಹತ್ತಿರ ನಿಂತು ಅಂಗೈಯಲ್ಲಿ ತೂಗಿದೆ.
ನಲವತ್ತು ಗ್ರಾಂ, ಹೆಚ್ಚಿಲ್ಲ.
ಉಗುರಿನಿಂದ ಒಮ್ಮೆ ತಟ್ಟಿದೆ.
ಅಷ್ಟರಲ್ಲಿ ಕರೆಂಟು ಹೋಗಿ ಜನರೇಟರು ಗುಡುಗಿತು,
ಏನಂದಿತೋ ಕೇಳಿಸಲಿಲ್ಲ.
ಕಿವಿಯ ಹತ್ತಿರ ಹಿಡಿದು
ಮತ್ತೆ ತಟ್ಟಿದೆ.